ಕೂಡಿಸಿಟ್ಟ ಸಂಖ್ಯೆ

೧೨ ಫೆಬ್ರವರಿ

ದೊಡ್ಡಪ್ಪನವರಿಗೆ,

ನಿಮ್ಮ ಕಿವಿ ಕೈಕೊಟ್ಟ ಮೇಲೆ ಫೋನು ಮಾಡಿ ಪ್ರಯೋಜನವಿಲ್ಲ. ಮನೆಗೆ ಕಂಪ್ಯೂಟರ್ ತರುವುದಿಲ್ಲ ಎಂದು ನೀವು ಹಟ ಹಿಡಿದು ಕೂತಿದ್ದೀರಿ. ಹಾಗಾಗಿ ಕಾಗದವೇ ಗತಿ. ನಾವು ಮಾಡುತ್ತಿರುವುದು ಏನು ಎಂದು ದೊಡ್ಡಮ್ಮ ಕೇಳಿದರಂತೆ. ಅವರಿಗೆ ತಿಳಿಯುವ ಹಾಗೆ ಬರೆಯುತ್ತೇನೆ, ಓದಿ ಹೇಳಿ.

ನಾವು ಅಳೆಯುತ್ತಿರುವ ಕಣವನ್ನು ಯಾರೂ ಕಣ್ಣಾರೆ ಕಂಡಿಲ್ಲ, ಕಾಣುವುದೂ ಇಲ್ಲ. ಸುರಂಗದೊಳಗಿನ ಕೊಲೈಡರಿನಲ್ಲಿ ಎದುರುಬದುರು ಓಡಿಸಿದ ಪ್ರೋಟಾನುಗಳು ಡಿಕ್ಕಿ ಹೊಡೆದಾಗ ಅದು ಹುಟ್ಟುತ್ತದೆ. ಹುಟ್ಟಿದೊಡನೆ ಮ್ಯೂಯಾನ್ ಎಂಬ ಎರಡು ಹಗುರ ಕಣಗಳಾಗಿ ಒಡೆದುಹೋಗುತ್ತದೆ. ಆ ಎರಡೂ ನಮ್ಮ ದೊಡ್ಡ ಅಯಸ್ಕಾಂತದೊಳಗೆ ಎಷ್ಟು ಬಾಗಿ ಓಡಿದವು ಎಂದು ನೋಡಿ, ಅವುಗಳ ರಭಸ ಲೆಕ್ಕ ಹಾಕಿ, ಅದರಿಂದ ಸತ್ತುಹೋದ ತಾಯಿಯ ತೂಕ ಹೇಳಬೇಕು. ಅಯಸ್ಕಾಂತದ ಬಲವನ್ನು ನಾವು ಕೂದಲೆಳೆಯಷ್ಟು ತಪ್ಪು ತಿಳಿದಿದ್ದರೂ ತೂಕ ತಪ್ಪಾಗುತ್ತದೆ.

ಮೂರು ದಶಕದ ಹಿಂದೆ ದೊಡ್ಡಪ್ಪ ಅಳೆದ ಈ ತೂಕದ ಬೆಲೆ ಎಲ್ಲ ಪಠ್ಯಪುಸ್ತಕಗಳಲ್ಲಿದೆ. ಅದನ್ನು ಕಣ್ಣೆದುರು ಇಟ್ಟುಕೊಂಡು ಅಳೆದರೆ ಕೈ ತಾನಾಗಿ ಅತ್ತ ವಾಲುತ್ತದೆ. ಹತ್ತಿರ ಬಂದಾಗ ಸಾಕು ಎಂದು ನಿಲ್ಲಿಸುತ್ತೇವೆ, ದೂರ ಹೋದಾಗ ತಪ್ಪು ಹುಡುಕುತ್ತೇವೆ. ಅದಕ್ಕೇ ಈ ಪದ್ಧತಿ. ಹೊರಗಿನವರೊಬ್ಬರು ತಮಗೆ ತೋಚಿದ ಸಂಖ್ಯೆಯೊಂದನ್ನು ನಮ್ಮ ಕಂಪ್ಯೂಟರಿನಲ್ಲಿ ಬಚ್ಚಿಡುತ್ತಾರೆ. ಅದು ಕೂಡಿಕೊಂಡೇ ನಮ್ಮ ಉತ್ತರ ಪರದೆಯ ಮೇಲೆ ಬರುತ್ತದೆ. ಇನ್ನು ಏನನ್ನೂ ತಿದ್ದುವುದಿಲ್ಲ ಎಂದು ನಾವೆಲ್ಲ ಸಹಿ ಹಾಕಿದ ದಿನ ಅವರು ಸಂಖ್ಯೆ ಹೇಳುತ್ತಾರೆ. ಅದನ್ನು ಕಳೆದರೆ ನಿಜ.

ಆ ಸಂಖ್ಯೆ ಇಡಲು ನಿಮ್ಮನ್ನು ಆರಿಸಿದ್ದಕ್ಕೆ ನಾನು ತಕರಾರು ತೆಗೆದಿದ್ದೆ, ನಿಮಗೆ ಗೊತ್ತಿರಲಿ. ಸಾಕಿದ ದೊಡ್ಡಪ್ಪ, ಅಳೆಯುವ ತಂಡಕ್ಕೆ ನಾನೇ ಮುಖ್ಯಸ್ಥೆ, ಸರಿಯಲ್ಲ ಎಂದೆ. ನಿರ್ದೇಶಕಿ ನಕ್ಕುಬಿಟ್ಟರು. "ನಿಮ್ಮಿಬ್ಬರಷ್ಟು ಕಚ್ಚಾಡೋರು ಈ ಕಟ್ಟಡದಲ್ಲೇ ಇಲ್ಲ. ಅದೇ ನಮಗೆ ಗ್ಯಾರಂಟಿ" ಅಂದರು. ಗುಟ್ಟು ಹೊರಬಿದ್ದರೆ ತಿಳಿದವರು ಅವತ್ತೇ ಹೇಳಬೇಕು. ಆಮೇಲೆ ಎಲ್ಲ ಮೊದಲಿನಿಂದ, ಗುಟ್ಟು ಬಿಟ್ಟುಕೊಟ್ಟವರ ಹೆಸರು ಮಣ್ಣುಪಾಲು. ಇದನ್ನು ನಿಮಗೆ ಹೇಳಿಕೊಡುವ ಧೈರ್ಯ ನನಗಿಲ್ಲ, ನಿಯಮ ಬರೆದವರೇ ನೀವು.

ನಿಮ್ಮ
ಜಾಣೆ

೨೬ ಫೆಬ್ರವರಿ

ಜಾಣೆಗೆ,

ನಿನ್ನ ದೊಡ್ಡಮ್ಮನಿಗೆ ಓದಿ ಹೇಳಿದೆ. ಸತ್ತುಹೋದ ತಾಯಿಯ ತೂಕ ಎನ್ನುವಲ್ಲಿಗೆ ಬಂದಾಗ ಎದ್ದು ಒಳಗೆ ಹೋದಳು. ನಿನ್ನ ಬರವಣಿಗೆಗೆ ಅಷ್ಟು ಶಕ್ತಿಯಿದೆ.

ನೀನು ತಕರಾರು ತೆಗೆದದ್ದು ಒಳ್ಳೆಯದೇ. ನಾನು ಒಪ್ಪಿಕೊಂಡದ್ದಕ್ಕೆ ಕಾರಣ ಬೇರೆ. ನಿನ್ನನ್ನು ಹತ್ತಿರದಿಂದ ನೋಡಬೇಕಿತ್ತು. ಏಳನೇ ಕ್ಲಾಸಿನಲ್ಲಿ ಲೆಕ್ಕದ ಪುಸ್ತಕದ ಕೊನೆಯ ಹಾಳೆ ತೆರೆದು, ಉತ್ತರ ನೋಡಿಕೊಂಡು, ಹಿಂದಿನಿಂದ ಮುಂದಕ್ಕೆ ಲೆಕ್ಕ ಹೊಂದಿಸುತ್ತಿದ್ದ ಹುಡುಗಿ ನೀನು. ಎಷ್ಟು ನಾಜೂಕಾಗಿ ಹೊಂದಿಸುತ್ತಿದ್ದೆ ಎಂದರೆ ನಿನ್ನ ಟೀಚರಿಗೆ ವರ್ಷವಿಡೀ ಗೊತ್ತಾಗಲಿಲ್ಲ. ನಾನು ಆ ಹಾಳೆ ಹರಿದುಹಾಕಿದ ದಿನ ನಿನಗೆ ಒಂದು ಲೆಕ್ಕವೂ ಬಗೆಹರಿಯಲಿಲ್ಲ. ನಿನ್ನಪ್ಪ ಬದುಕಿದ್ದರೆ ಎತ್ತಿಕೊಂಡು ಮುದ್ದು ಮಾಡುತ್ತಿದ್ದ. ನಾನು ಊಟ ಹಾಕದೆ ಕೂರಿಸಿದೆ. ನೀನು ಇವತ್ತು ಕೂತಿರುವ ಕುರ್ಚಿಯನ್ನು ಆ ಹಸಿವು ಕೊಟ್ಟಿತು.

ಒಂದು ಮಾತು. ನಿನ್ನ ಉತ್ತರ ನನ್ನ ಬೆಲೆಯ ಮೇಲೇ ಬಂದು ಕೂತರೆ ನನಗೆ ಸಂತೋಷವಾಗುತ್ತದೆ ಎಂದುಕೊಳ್ಳಬೇಡ. ನನಗೆ ಓಲೈಕೆ ಹಿಡಿಸುವುದಿಲ್ಲ.

ಕೆಳಗಿನ ಚಪ್ಪಲಿ ಅಂಗಡಿಯವನು ಹೊಸ ಯಂತ್ರ ತಂದಿದ್ದಾನೆ. ನನಗೆ ಕೇಳಿಸುವುದಿಲ್ಲ, ನೆಲ ನಡುಗುವುದು ಮಾತ್ರ ಗೊತ್ತಾಗುತ್ತದೆ. ಕಿವುಡಾಗಿರುವುದರಲ್ಲೂ ಲಾಭವಿದೆ.

ದೊಡ್ಡಪ್ಪ

೧೫ ಮಾರ್ಚ್

ದೊಡ್ಡಪ್ಪನವರಿಗೆ,

ಕೊನೆಯ ಹಾಳೆಯ ಕಥೆಯನ್ನು ನೀವು ನನ್ನ ಪಿಎಚ್.ಡಿ. ಮುಗಿದ ದಿನವೂ ಹೇಳಿದ್ದಿರಿ, ಎಲ್ಲರೂ ನಕ್ಕರು. ನಾನೂ ನಕ್ಕೆ. ಈಗ ನಗು ಬರುತ್ತಿಲ್ಲ.

ಪರದೆಯ ಮೇಲೆ ನಮ್ಮ ಉತ್ತರ ನಿಮ್ಮ ಬೆಲೆಗಿಂತ ಎಪ್ಪತ್ತೆಂಟು ಎಂಇವಿ ಮೇಲೆ ನಿಂತಿದೆ. ದೊಡ್ಡಮ್ಮನಿಗೆ ಎಂಇವಿ ಎಂದರೆ ನಮ್ಮ ಕಣಗಳ ಗುಂಜಿ ತೂಕ ಎಂದು ಹೇಳಿ. ಆ ಎಪ್ಪತ್ತೆಂಟರಲ್ಲಿ ನೀವು ಕೂಡಿಸಿದ್ದೆಷ್ಟು, ನಿಜವಾಗಿ ಇರುವುದೆಷ್ಟು, ಇಲ್ಲಿ ಯಾರಿಗೂ ಗೊತ್ತಿಲ್ಲ. ಎಂಟು ವರ್ಷದ ದತ್ತಾಂಶ, ಮೇಲೆ ಕೆಳಗೆ ಆರು ಎಂಇವಿಯಷ್ಟು ಅನುಮಾನ ಮಾತ್ರ ಉಳಿದಿದೆ. ನಾನು ಈ ಕೆಲಸಕ್ಕೆ ಇಟ್ಟಷ್ಟು ಬದುಕನ್ನು ಬೇರೆ ಯಾವುದಕ್ಕೂ ಇಟ್ಟಿಲ್ಲ. ಈ ಒಂದು ಸಂಖ್ಯೆ ಸರಿಯಾಗಬೇಕು, ಅಷ್ಟೇ ನನ್ನ ಆಸೆ.

ಅಯಸ್ಕಾಂತದ ಭಾಗವನ್ನು ನಮ್ಮ ಇಸ್ತ್ರಿ ನೋಡಿಕೊಳ್ಳುತ್ತಿದ್ದಾನೆ. ನಿಜವಾದ ಹೆಸರನ್ನು ಜನ ಮರೆತೇಬಿಟ್ಟಿದ್ದಾರೆ. ಸುರಂಗಕ್ಕೆ ಇಳಿಯುವಾಗಲೂ ಗರಿಗರಿ ಅಂಗಿ ಹಾಕುತ್ತಾನೆ, ಮೇಲೆ ಬಂದಾಗಲೂ ಅದು ಹಾಗೇ ಇರುತ್ತದೆ. ನನ್ನ ಜೊತೆಯವನೇ, ಆದರೆ ಗುತ್ತಿಗೆ ಮೇಲಿದ್ದಾನೆ, ಈ ವರ್ಷ ನವೀಕರಣ ಆಗಬೇಕು. ಹೆಂಡತಿ, ಶಾಲೆಗೆ ಹೋಗುವ ಮಗಳು, ಸಂಸ್ಥೆಯ ಮನೆ. ಕೆಳಗಿನ ಟಪಾಲು ಗೂಡಿನಿಂದ ನಿಮ್ಮ ಪತ್ರಗಳನ್ನು ನನ್ನ ಮೇಜಿಗೆ ತಂದುಕೊಡುವವನೂ ಅವನೇ. "ಮೇಡಂ, ಬೈಗುಳ ಬಂದಿದೆ" ಎಂದು ಕೊಡುತ್ತಾನೆ.

ನಿಮ್ಮ
ಜಾಣೆ

೨ ಏಪ್ರಿಲ್

ಜಾಣೆಗೆ,

ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಎರಡು ಕಿತ್ತರು. ನಿನ್ನ ದೊಡ್ಡಮ್ಮ ನನಗಿಂತ ಖುಷಿಯಾಗಿದ್ದಳು, ಒಂದು ವಾರ ಮಾತಾಡುವುದಿಲ್ಲ ಎಂದು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಒಬ್ಬ ಹೆಂಗಸು ಎದ್ದು ಜಾಗ ಕೊಟ್ಟಳು. ನನಗೆ ಅಷ್ಟು ವಯಸ್ಸಾಗಿದೆ ಎಂದು ಬಸ್ಸಿಗೆಲ್ಲ ಗೊತ್ತಾಗಿಹೋಯಿತು.

ಕೂತು ನೋಡಿದರೆ ಸೀಟಿನ ನಂಬರು ನಲವತ್ತು. ಒಬ್ಬನೇ ನಕ್ಕೆ. ನಿಮ್ಮ ಕಂಪ್ಯೂಟರಿನಲ್ಲಿ ನಾನು ಇಟ್ಟು ಬಂದಿರುವುದೂ ಅದೇ ತಾನೆ. ಅಯ್ಯೋ, ಇದನ್ನು ಬರೆಯಬಾರದಿತ್ತು. ಹೊಡೆದುಹಾಕಿದರೆ ಹಾಳೆ ಗಲೀಜಾಗುತ್ತದೆ, ಇಡೀ ಪತ್ರ ಮತ್ತೆ ಬರೆಯಲು ಕೈ ಬಾರದು. ನೀನು ಈ ಸಾಲು ಓದಿಲ್ಲ ಎಂದುಕೋ. ಮುದುಕನ ಮರೆವು, ಹೊಟ್ಟೆಗೆ ಹಾಕಿಕೊ.

ಇಸ್ತ್ರಿಯವನಿಗೆ ನಾನು ಬೈಯುವುದಿಲ್ಲ, ಬುದ್ಧಿ ಹೇಳುತ್ತೇನೆ ಎಂದು ತಿಳಿಸು.

ದೊಡ್ಡಪ್ಪ

೨೦ ಏಪ್ರಿಲ್

ದೊಡ್ಡಪ್ಪನವರಿಗೆ,

ನಿಮ್ಮ ಪತ್ರ ಬಂತು. ಒಡೆಯುವ ಹೊತ್ತಿಗೆ ಕಾಫಿ ಚೆಲ್ಲಿ ಅರ್ಧ ಹಾಳೆ ಹಾಳಾಯಿತು. ಹಲ್ಲು ಕಿತ್ತ ವಿಷಯದವರೆಗೆ ಓದಿದೆ. ಬೇಗ ವಾಸಿಯಾಗಲಿ.

ಲಕೋಟೆಯ ಅಂಟು ಬಿಟ್ಟುಕೊಂಡಿತ್ತು. ಮುಂದೆ ಗಟ್ಟಿಯಾಗಿ ಅಂಟಿಸಿ. ಟಪಾಲು ನಾನಾ ಕೈ ದಾಟಿ ಬರುತ್ತದೆ.

ಇಲ್ಲಿ ಕೆಲಸ ಜಾಸ್ತಿ.

ನಿಮ್ಮ ತಮ್ಮನ ಮಗಳು

೫ ಮೇ

ಜಾಣೆಗೆ,

ಕಾಫಿ ಚೆಲ್ಲಿತೇ. ಪಾಪ. ಚೆಲ್ಲುವ ಕಾಫಿ ಸರಿಯಾದ ಜಾಗ ನೋಡಿಕೊಂಡೇ ಚೆಲ್ಲುತ್ತದೆ, ನನ್ನ ಕಾಲದಲ್ಲೂ ಹಾಗೇ ಇತ್ತು.

ನೀನು 'ಜಾಣೆ' ಬಿಟ್ಟು 'ತಮ್ಮನ ಮಗಳು' ಆದದ್ದು ಏಕೆ ಎಂದು ದೊಡ್ಡಮ್ಮ ಕೇಳಿದಳು. ಕೆಲಸದ ಒತ್ತಡ ಎಂದೆ. "ನಿಮ್ಮಿಬ್ಬರದೂ ಒಂದೇ ಜಾತಿ ಕಲ್ಲು, ಒಂದಕ್ಕೊಂದು ಉಜ್ಜಿಕೊಂಡು ಸಾಯ್ತೀರಿ" ಎಂದಳು. ಅವಳಿಗೆ ಭೌತಶಾಸ್ತ್ರ ಬಾರದಿದ್ದರೂ ಅಂದಾಜು ಚೆನ್ನಾಗಿದೆ.

ಅಂಟು ಬಿಟ್ಟುಕೊಂಡದ್ದಕ್ಕೆ ಕ್ಷಮಿಸು. ಕರೆಂಟ್ ಬಿಲ್ಲು ಬಂದ ಲಕೋಟೆಯನ್ನು ಮಗುಚಿ ಬಳಸಿದ್ದೆ. ಹೊಸದಕ್ಕೆ ಸುಮ್ಮನೆ ದುಡ್ಡು ಯಾಕೆ. ಎಪ್ಪತ್ತೆಂಟು ಇನ್ನೂ ಎಪ್ಪತ್ತೆಂಟೇ ಇದೆಯೋ, ಕದಲಿದೆಯೋ? ಕುತೂಹಲಕ್ಕೆ ಕೇಳಿದೆ.

ದೊಡ್ಡಪ್ಪ

೧೮ ಜೂನ್

ದೊಡ್ಡಪ್ಪನವರಿಗೆ,

ಎಪ್ಪತ್ತೆಂಟು ಅಲ್ಲಿಯೇ ಇದೆ. ಕದಲಿಸಲು ನೋಡಿದವರಿದ್ದರು, ನಾನು ಬಿಡಲಿಲ್ಲ.

ಮೇ ಕೊನೆಯಲ್ಲಿ ಇಸ್ತ್ರಿ ಒಂದು ತಿದ್ದುಪಡಿ ತಂದ. ನಾಲ್ಕನೇ ವರ್ಷದ ದುರಸ್ತಿಯಲ್ಲಿ ಅಯಸ್ಕಾಂತದ ಒಂದು ತುದಿಯಲ್ಲಿ ಬಲ ಅಳೆಯುವ ಸೆನ್ಸರುಗಳು ಕೊಂಚ ಜರುಗಿವೆ, ಅಲ್ಲಿ ಬಲ ನಾವು ತಿಳಿದದ್ದಕ್ಕಿಂತ ಕಡಿಮೆ, ಆದ್ದರಿಂದ ತೂಕವನ್ನೂ ಇಷ್ಟು ಇಳಿಸಬೇಕು ಎಂದ. ಎಷ್ಟು ಎಂದು ನಿಮಗೆ ಬರೆಯುವ ಅಗತ್ಯವಿಲ್ಲ. ತೀರಾ ಅನುಕೂಲವಾದ ಸಂಖ್ಯೆಯಾಗಿತ್ತು ಎಂದಷ್ಟೇ ಹೇಳುತ್ತೇನೆ. ಅನುಕೂಲವಾದದ್ದನ್ನು ನಂಬಬೇಡ ಎಂದು ಕಲಿಸಿದವರು ನೀವೇ.

ಸಭೆ ಕರೆದೆ. ಚಕ್ರ ಮುರಿದ ಕುರ್ಚಿಗಳ ಆ ಉದ್ದನೆಯ ಕೋಣೆ ನಿಮಗೆ ಗೊತ್ತು. ಅವನು ಚಿತ್ರಗಳನ್ನು ತೋರಿಸಿದ. ನಾನು ಕೇಳಿದೆ:

"ಸೆನ್ಸರ್ ಜರುಗಿದ್ದನ್ನ ನೀವು ಕಣ್ಣಲ್ಲಿ ನೋಡಿದ್ರಾ?"

"ಇಲ್ಲ ಮೇಡಂ. ಕಂಬಿ ಮೇಲೆ ಉಜ್ಜಿದ ಗುರುತಿದೆ. ಅದನ್ನ ಅಳೆದಿದೀನಿ."

"ಗುರುತು ಯಾವ ವರ್ಷದ್ದು ಅಂತ ಗುರುತಿನ ಮೇಲೆ ಬರೆದಿದೆಯಾ?"

"ಬರೆದಿಲ್ಲ. ಆದ್ರೆ ಮ್ಯೂಯಾನ್‌ಗಳೂ ಅದನ್ನೇ ಹೇಳ್ತಿವೆ. ನಾಲ್ಕನೇ ವರ್ಷದಿಂದ ಆಚೆಗೆ ಬಾಗೋದು ಬದಲಾಗಿದೆ."

"ಅಂದ್ರೆ ಬೇಕಾದ ಉತ್ತರ ಮೊದಲೇ ಗೊತ್ತಿತ್ತು, ಕಾರಣ ಆಮೇಲೆ ಹುಡುಕಿದ್ರಿ."

ಅವನು ಅರ್ಥವಾಗದವನ ಹಾಗೆ ನೋಡಿದ. ಅಷ್ಟು ಚೆನ್ನಾಗಿ ನಟಿಸುತ್ತಾನೆ ಎಂದು ನನಗೆ ಗೊತ್ತಿರಲಿಲ್ಲ. ಆಗ ನಾನು, "ಅಂಗಿಗೆ ಹೊಡೆದ ಹಾಗೆ ಲೆಕ್ಕಕ್ಕೂ ಇಸ್ತ್ರಿ ಹೊಡೆದಿದೀರಿ, ಎಲ್ಲೂ ಸುಕ್ಕಿಲ್ಲ" ಎಂದೆ. ಕೋಣೆಯೆಲ್ಲ ನಕ್ಕಿತು. ಅವನೂ ನಗಲು ನೋಡಿದ, ಆಗಲಿಲ್ಲ. ತಿದ್ದುಪಡಿ ಬಿದ್ದುಹೋಯಿತು. ಗುತ್ತಿಗೆ ನವೀಕರಣಕ್ಕೆ ನನ್ನ ಅಭಿಪ್ರಾಯ ಕೇಳಿದರು, ಭರವಸೆ ಇಡಲಾಗದು ಎಂದು ಒಂದು ಸಾಲು ಬರೆದೆ. ತಿಂಗಳ ಕೊನೆಗೆ ಮನೆ ಖಾಲಿ ಮಾಡುತ್ತಾನೆ.

ನನಗೆ ಬೇಸರವಿಲ್ಲ. ಇದ್ದರೂ ಅದನ್ನು ಯಾಕೆ ನಿಮಗೆ ಹೇಳಲಿ.

ನಿಮ್ಮ ತಮ್ಮನ ಮಗಳು

೧ ಜುಲೈ

ಜಾಣೆಗೆ,

ಲೆಕ್ಕಕ್ಕೂ ಇಸ್ತ್ರಿ ಹೊಡೆದಿದೀರಿ. ಇದನ್ನು ನಾನು ಹೇಳಬೇಕಿತ್ತು. ಬಹಳ ಹೊತ್ತು ನಕ್ಕೆ.

ಒಬ್ಬನ ಬೆವರಿಳಿಸುವುದು ನಾಯಕರ ಕೆಲಸದ ಒಂದು ಭಾಗ. ಅವನ ಹೆಂಡತಿ ಮಗಳ ಚಿಂತೆ ನಿನಗೆ ಬೇಡ, ಅವನಿಗೇ ಇಲ್ಲದಿದ್ದರೆ ನಿನಗೇಕೆ. ಆದರೆ ಹುಷಾರು. ಸಣ್ಣ ಕಳ್ಳನನ್ನು ಎಲ್ಲರೆದುರು ಹಿಡಿದುಕೊಟ್ಟು, ಗದ್ದಲ ಅಡಗಿದ ಮೇಲೆ ತಾನು ಆರಾಮಾಗಿ ಕದಿಯುವವರನ್ನೂ ನಾನು ಕಂಡಿದ್ದೇನೆ. ನಿನ್ನನ್ನು ಉದ್ದೇಶಿಸಿ ಹೇಳುತ್ತಿಲ್ಲ. ನಿನ್ನನ್ನೇ ಉದ್ದೇಶಿಸಿದ್ದು ಎಂದು ನಿನಗೆ ಅನಿಸಿದರೆ ಅದು ನಿನ್ನ ಮನಸ್ಸಾಕ್ಷಿಯ ವಿಷಯ.

ಅಕ್ಟೋಬರಿನಲ್ಲಿ ನೀವು ಸಹಿ ಹಾಕುವ ದಿನ ನಾನೇ ರೈಲು ಹತ್ತಿ ಬರುತ್ತೇನೆ. ಸಂಖ್ಯೆಯನ್ನು ಕಾಗದದಲ್ಲಿ ಕಳಿಸಲಾರೆ, ನನ್ನ ಲಕೋಟೆಗಳ ಮೇಲೆ ನಿನಗೆ ನಂಬಿಕೆಯಿಲ್ಲವಲ್ಲ.

ದೊಡ್ಡಪ್ಪ

೧೪ ಅಕ್ಟೋಬರ್

ನನ್ನ ಜಾಣೆಗೆ,

ಸಹಿಯ ದಿನ ನಿನ್ನ ಜೊತೆ ಮಾತಾಡಲು ಆಗಲಿಲ್ಲ. ಜನ ಸುತ್ತಿಕೊಂಡರು, ಆಮೇಲೆ ನೀನೇ ಎಲ್ಲಿಯೋ ಹೋದೆ. ರೈಲಿನ ಹೊತ್ತಾಯಿತು. ಬರೆದೇ ಹೇಳಬೇಕು.

ನೀವೆಲ್ಲ ಸಹಿ ಹಾಕಿದಿರಿ. ನಿರ್ದೇಶಕಿ ನನ್ನತ್ತ ತಿರುಗಿ, ನನಗೆ ಕಾಣಲೆಂದು ಬಾಯಿ ಅಗಲಿಸಿ "ಹೇಳಿ ಸಾರ್" ಎಂದರು. ನಾನು "ಹತ್ತು" ಎಂದೆ. ಎಪ್ಪತ್ತೆಂಟರಲ್ಲಿ ಹತ್ತು ಹೋಯಿತು, ಅರವತ್ತೆಂಟು ಉಳಿಯಿತು. ನನ್ನ ಬೆಲೆ ತಪ್ಪು, ಅರವತ್ತೆಂಟರಷ್ಟು ತಪ್ಪು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ನೀನೊಬ್ಬಳು ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಿದ್ದೆ, ಮುಖದಲ್ಲಿ ರಕ್ತವಿರಲಿಲ್ಲ. ಸಂತೋಷ ತಡೆಯಲಾಗದೆ ಹಾಗಾಗಿದೆ ಎಂದು ನನಗೆ ತಿಳಿಯಿತು. ನನಗೂ ಹಾಗೇ ಆಗಿತ್ತು.

ಈಗ ಕೇಳು. ನಲವತ್ತು ಸುಳ್ಳು. ಬಸ್ಸೂ ಸುಳ್ಳು, ನಾನು ಅವತ್ತು ಟ್ಯಾಕ್ಸಿಯಲ್ಲಿ ಬಂದೆ. ಹಲ್ಲು ಕಿತ್ತದ್ದೊಂದೇ ನಿಜ. ನೀನು ಏನು ಮಾಡುತ್ತೀಯ ಎಂದು ನೋಡಬೇಕಿತ್ತು. ನನ್ನ ಸಂಖ್ಯೆ ನಲವತ್ತು ಎಂದು ನಂಬಿ, ನನ್ನನ್ನು ಮೆಚ್ಚಿಸಲು ನೀನು ಉತ್ತರವನ್ನು ಬಗ್ಗಿಸಿದ್ದರೆ, ಪರದೆಯ ಅಂಕಿ ನಲವತ್ತರ ಹತ್ತಿರ ಬಂದು ನಿಲ್ಲುತ್ತಿತ್ತು. ನಾನು ಹತ್ತು ಎಂದೊಡನೆ ಮೂವತ್ತರ ಆಸುಪಾಸು ಏನೋ ಉಳಿಯುತ್ತಿತ್ತು. ಆಗ ನಾನು ಎದ್ದು ನಿಂತು, ಇದು ಕಣದ ತೂಕವಲ್ಲ, ನನ್ನ ತಮ್ಮನ ಮಗಳ ಕಳ್ಳತನದ ತೂಕ ಎಂದು ಎಲ್ಲರೆದುರು ಹೇಳುತ್ತಿದ್ದೆ. ಹೇಳಲು ಸಿದ್ಧನಾಗಿ ಬಂದಿದ್ದೆ, ರೈಲಿನಲ್ಲಿ ಆ ಮಾತನ್ನೇ ಅಭ್ಯಾಸ ಮಾಡಿದ್ದೆ.

ನೀನು ಎಪ್ಪತ್ತೆಂಟನ್ನು ಒಂದಿಷ್ಟೂ ಅಲುಗಿಸಲಿಲ್ಲ. ನಿನ್ನ ಕಾಫಿಯ ಸುಳ್ಳನ್ನು ಓದಿದಾಗಿನಿಂದ ನಿನ್ನನ್ನು ಅನುಮಾನಿಸಿದ್ದೆ. ತಪ್ಪಾಯಿತು. ನನ್ನ ಬೆಲೆ ಸತ್ತದ್ದಕ್ಕೆ ನನಗೆ ದುಃಖವಿಲ್ಲ, ಕೊಂದವಳು ಪ್ರಾಮಾಣಿಕಳು. ಇಷ್ಟು ವರ್ಷದಲ್ಲಿ ಮೊದಲ ಸಲ ನಿನ್ನ ದೊಡ್ಡಮ್ಮನ ಎದುರು ನಿನ್ನನ್ನು ಹೊಗಳಿದೆ. ಪಾಸಾದೆ ಕಣೇ.

ನಿನ್ನ
ದೊಡ್ಡಪ್ಪ

೩ ನವೆಂಬರ್

ಜಾಣೆಗೆ,

ಉತ್ತರವಿಲ್ಲ. ಹೊಗಳಿಕೆ ಜೀರ್ಣವಾಗಲಿಲ್ಲವೇ. ಪತ್ರಿಕೆಯಲ್ಲಿ ನಿನ್ನ ಫೋಟೋ ಬಂದಿತ್ತು, ಅದರಲ್ಲೂ ನೀನು ನಗುತ್ತಿಲ್ಲ. ದೊಡ್ಡಮ್ಮ ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ.

ದೊಡ್ಡಪ್ಪ

೨ ಡಿಸೆಂಬರ್

ದೊಡ್ಡಪ್ಪನವರಿಗೆ,

ಸುರಂಗದ ಆಚೆ ಬದಿಯಲ್ಲಿ, ಬೇರೆ ಅಯಸ್ಕಾಂತ ಇಟ್ಟುಕೊಂಡು ಅದೇ ಕಣವನ್ನು ಅಳೆಯುತ್ತಿದ್ದ ತಂಡ ನಿನ್ನೆ ತಮ್ಮ ಉತ್ತರ ಹೇಳಿತು. ನಿಮ್ಮ ಬೆಲೆಗಿಂತ ಮೂವತ್ತೆರಡು ಜಾಸ್ತಿ. ನಮ್ಮ ಅರವತ್ತೆಂಟು ಅಲ್ಲ. ಊಟದ ಹಾಲಿನಲ್ಲಿ ನಾನು ತಟ್ಟೆ ಇಟ್ಟ ಮೇಜಿನಿಂದ ಇಬ್ಬರು ಎದ್ದುಹೋದರು.

ಇಸ್ತ್ರಿ ತಂದಿದ್ದ ತಿದ್ದುಪಡಿ ಎಷ್ಟು ಎಂದು ನಿಮಗೆ ಹೇಳಿರಲಿಲ್ಲ. ಮೂವತ್ತೈದು. ಅರವತ್ತೆಂಟರಲ್ಲಿ ಕಳೆದು ನೋಡಿ. ಮೂವತ್ತಮೂರು ಬರುತ್ತದೆ. ಅವನು ಸರಿಯಾಗಿದ್ದ.

ನಾನು ಯಾಕೆ ಅದನ್ನು ಹೊಡೆದುಹಾಕಿದೆ ಎಂದು ಈಗ ನಿಮಗೆ ಅರ್ಥವಾಗಬೇಕು. ನಿಮ್ಮ ನಲವತ್ತನ್ನು ಓದಿದ್ದೆ. ಕಾಫಿ ಚೆಲ್ಲಿರಲಿಲ್ಲ. ಅವತ್ತೇ ನಿರ್ದೇಶಕಿಗೆ ಹೇಳಬೇಕಿತ್ತು, ಹೇಳಿದ್ದರೆ ನೀವು ಬರೆದ ನಿಯಮದಿಂದಲೇ ನಿಮ್ಮ ಮರ್ಯಾದೆ ಹೋಗುತ್ತಿತ್ತು. ವಯಸ್ಸಾಗಿದೆ, ಮರೆವು, ಈ ಮನುಷ್ಯ ನನಗೆ ಅನ್ನ ಹಾಕಿದ್ದಾನೆ ಎಂದು ಬಾಯಿ ಮುಚ್ಚಿಕೊಂಡೆ. ನಿಮಗಾಗಿ ಬಾಯಿ ಮುಚ್ಚಿಕೊಂಡೆ, ತಿಳಿಯಿತೇ. ಎಪ್ಪತ್ತೆಂಟರಲ್ಲಿ ನಲವತ್ತು ಕಳೆದು, ನಿಜ ಮೂವತ್ತೆಂಟು ಎಂದು ತಲೆಯಲ್ಲಿ ಕೂತುಬಿಟ್ಟಿತು. ಬೇಡವೆಂದರೂ ಏಳಲಿಲ್ಲ. ಆಮೇಲೆ ಇಸ್ತ್ರಿ ಬಂದು ಮೂವತ್ತೈದು ಇಳಿಸಿ ಅಂದ. ಮೂವತ್ತೆಂಟು ಹೋಗಿ ಮೂರು ಉಳಿಯುತ್ತದೆ. ನೇರ ನಿಮ್ಮ ಬೆಲೆಯ ಮಡಿಲಿಗೆ. ಲಕೋಟೆಯ ಅಂಟು ಬಿಟ್ಟಿತ್ತು, ತಂದುಕೊಟ್ಟವನು ಅವನು. ಓದಿದ್ದಾನೆ, ಗುತ್ತಿಗೆ ಉಳಿಸಿಕೊಳ್ಳಲು ಪಠ್ಯಪುಸ್ತಕದ ಉತ್ತರಕ್ಕೆ ಹೊಂದಿಸಿ ತಂದಿದ್ದಾನೆ ಎಂದುಕೊಂಡೆ. ಕೇಳುವಂತಿರಲಿಲ್ಲ. ಕೇಳಿದರೆ ನನಗೂ ಗೊತ್ತಿದೆ ಎಂದು ಒಪ್ಪಿಕೊಂಡಂತೆ. ಹಾಗಾಗಿ ಕೇಳದೆ ಕೊಂದೆ.

ಕರೆಂಟ್ ಬಿಲ್ಲಿನ ಲಕೋಟೆ ಎಂದು ನೀವು ಮೇ ತಿಂಗಳಲ್ಲೇ ಬರೆದಿದ್ದಿರಿ. ಓದಿದೆ, ನಂಬಲಿಲ್ಲ. ಆ ಹೊತ್ತಿಗೆ ನನಗೆ ಅವನು ಕಳ್ಳನಾಗಿರಬೇಕಿತ್ತು.

ಇನ್ನೂ ಒಂದಿದೆ. ಉತ್ತರ ನಿಮ್ಮ ಬೆಲೆಯ ಮೇಲೆ ಹೋಗಿ ಕೂರುವುದು ನನಗೆ ಬೇಕಿರಲಿಲ್ಲ. ಎಂಟು ವರ್ಷ ದುಡಿದು ಕೊನೆಗೆ ನೀವೇ ಸರಿ ಎಂದು ಹೇಳುವುದು ನನ್ನಿಂದ ಆಗುತ್ತಿರಲಿಲ್ಲ. ಹೀಗಾಗಿ ನಾನು ಪ್ರಾಮಾಣಿಕಳೂ ಅಲ್ಲ. ನೀವು ಅಂದುಕೊಂಡ ದಿಕ್ಕಿನಲ್ಲಿ ಬಗ್ಗಿಸಲಿಲ್ಲ, ಅಷ್ಟೇ.

ಅಕ್ಟೋಬರಿನಲ್ಲಿ ನೀವು ಹತ್ತು ಎಂದಾಗ ನಾನು ಕುರ್ಚಿ ಹಿಡಿದದ್ದು ಸಂತೋಷಕ್ಕಲ್ಲ. ಅವನ ಮೂವತ್ತೈದು ನಿಮ್ಮ ಬೆಲೆಯ ಮೇಲೆ ಹೋಗಿ ಕೂರುವ ಸಂಖ್ಯೆಯೇ ಅಲ್ಲ ಎಂದು ಆ ಕ್ಷಣ ಗೊತ್ತಾಯಿತು. ಇಲ್ಲದ ನಲವತ್ತನ್ನು ನಂಬಿ ಇರುವ ಮೂವತ್ತೈದನ್ನು ಎಸೆದಿದ್ದೆ. ನಿಮ್ಮ ಪರೀಕ್ಷೆಯ ಚೆಂದ ನೋಡಿ. ನಾನು ಅವನ ಮಾತು ಕೇಳಿ ಸರಿಯಾದ ಉತ್ತರ ತಂದಿದ್ದರೆ ಮೂವತ್ತಮೂರು ಉಳಿಯುತ್ತಿತ್ತು, ನೀವು ಎದ್ದು ನಿಂತು ನನ್ನನ್ನು ಕಳ್ಳಿ ಎನ್ನುತ್ತಿದ್ದಿರಿ. ತಪ್ಪು ಉತ್ತರ ತಂದೆ, ಪಾಸು ಮಾಡಿದಿರಿ.

ನಾಡಿದ್ದು ನಿರ್ದೇಶಕಿಗೆ ವಿವರಣೆ ಕೊಡಬೇಕು. ನಿಮ್ಮ ಏಪ್ರಿಲ್ ಪತ್ರ ನನ್ನ ಮೇಜಿನ ಡ್ರಾದಲ್ಲಿದೆ. ಏನು ಮಾಡಲಿ ಎಂದು ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ನಿಮ್ಮ ಉತ್ತರ ಬರುವವರೆಗೆ ವಾಯಿದೆ ಕೇಳಿಕೊಳ್ಳುತ್ತೇನೆ.

ನಿಮ್ಮ ತಮ್ಮನ ಮಗಳು

೯ ಡಿಸೆಂಬರ್

ಮಗಳೇ,

ನಿನ್ನ ಪತ್ರ ಓದಿದೆ. ದೊಡ್ಡಮ್ಮನಿಗೆ ಓದಿ ಹೇಳಲಿಲ್ಲ. ಫ್ರಿಜ್ಜಿನ ಮೇಲಿನ ಫೋಟೋ ಹಾಗೇ ಇದೆ.

ಸಿಟ್ಟು ಬದಿಗಿಟ್ಟು ಯೋಚಿಸು. ಆ ಪತ್ರ ಹೊರಗೆ ಬಂದರೆ ನನ್ನ ಹೆಸರು ಹೋಗುತ್ತದೆ, ನನಗೆ ಇನ್ನು ಎಷ್ಟು ದಿನ. ಆದರೆ ಗುಟ್ಟು ತಿಳಿದೂ ಆರು ತಿಂಗಳು ಬಾಯಿ ಮುಚ್ಚಿಕೊಂಡು ಸಹಿ ಹಾಕಿದವಳು ನೀನು. ನಿನ್ನನ್ನು ಮತ್ತೆ ಯಾವ ಪ್ರಯೋಗಕ್ಕೂ ಸೇರಿಸುವುದಿಲ್ಲ. ಎಂಟು ವರ್ಷ ಗಾಳಿಗೆ ಹೋಗುತ್ತದೆ. ನಾನು ನನಗಾಗಿ ಹೇಳುತ್ತಿಲ್ಲ. ಸ್ವಲ್ಪ ನನಗಾಗಿಯೂ ಹೇಳುತ್ತಿದ್ದೇನೆ, ಮುಚ್ಚಿಡುವುದೇಕೆ. ಈ ವಯಸ್ಸಿನಲ್ಲಿ ರಸ್ತೆಯಲ್ಲಿ ತಲೆ ತಗ್ಗಿಸಿ ನಡೆಯುವುದು ಕಲಿಯಲಾರೆ.

ದಾರಿಯಿದೆ. ಸೆನ್ಸರುಗಳನ್ನು ಬೇರೆ ಯಾರ ಕೈಯಲ್ಲಾದರೂ ಮತ್ತೆ ಅಳೆಸು. ಅದೇ ಮೂವತ್ತೈದು ಬರುತ್ತದೆ. ಉತ್ತರ ತಿದ್ದು. ಮೊದಲೇ ಯಾಕೆ ತಿದ್ದಲಿಲ್ಲ ಎಂದು ಕೇಳುತ್ತಾರೆ. ಆ ಕೆಲಸ ನೋಡಿಕೊಳ್ಳುತ್ತಿದ್ದವನು ದಾಖಲೆ ಸರಿಯಾಗಿ ಒದಗಿಸಿರಲಿಲ್ಲ ಎಂದು ಹೇಳು. ಹೇಗೂ ಹೊರಗೆ ಹೋಗಿರುವವನು, ಅವನನ್ನು ಇನ್ನೊಂದು ಸಲ ಹೊರಗೆ ಹಾಕಲು ಬರುವುದಿಲ್ಲ. ನಗುತ್ತಿದ್ದ ಕೋಣೆಯಲ್ಲಿ ಅವನ ಮಾತನ್ನು ಯಾರೂ ಸರಿಯಾಗಿ ಕೇಳಿಸಿಕೊಂಡಿರುವುದೂ ಇಲ್ಲ.

ಪತ್ರವನ್ನು ಹರಿದುಹಾಕು. ಇದನ್ನೂ.

ದೊಡ್ಡಪ್ಪ

೨೦ ಜನವರಿ

ದೊಡ್ಡಪ್ಪನವರಿಗೆ,

ನೀವು ಹೇಳಿದ ಹಾಗೇ ಮಾಡಿದೆ. ಇಬ್ಬರನ್ನು ಸುರಂಗಕ್ಕೆ ಇಳಿಸಿ ಅಳೆಸಿದೆ, ಮೂವತ್ತೈದೇ ಬಂತು. ನಮ್ಮ ಉತ್ತರ ಈಗ ಮೂವತ್ತಮೂರು, ಆಚೆ ಬದಿಯವರದ್ದು ಮೂವತ್ತೆರಡು. ಎರಡೂ ತಂಡ ಸೇರಿ ದೊಡ್ಡ ಸುದ್ದಿ ಮಾಡುತ್ತಿದ್ದೇವೆ. ವಿವರಣೆಯಲ್ಲಿ, ಹಿಂದಿನ ಸದಸ್ಯರೊಬ್ಬರು ಪೂರ್ಣ ದಾಖಲೆ ಒದಗಿಸದ ಕಾರಣ ವಿಳಂಬವಾಯಿತು ಎಂದು ಬರೆದೆ. ಯಾರೂ ಮರುಪ್ರಶ್ನೆ ಹಾಕಲಿಲ್ಲ. ಮೇಜಿನಿಂದ ಎದ್ದುಹೋದ ಇಬ್ಬರೂ ವಾಪಸ್ಸು ಬಂದು ಎದುರಿಗೇ ಕೂರುತ್ತಿದ್ದಾರೆ. ನಿಮ್ಮ ಎರಡೂ ಪತ್ರ ಹರಿದುಹಾಕಿದೆ. ನೆಮ್ಮದಿಯಾಗಿ ರಸ್ತೆಯಲ್ಲಿ ಓಡಾಡಿ.

ನಿನ್ನೆ ಅವನು ಬಂದಿದ್ದ.

ಪಾಸು ರದ್ದಾಗಿರುವುದರಿಂದ ಒಳಗೆ ಬಿಡಲಿಲ್ಲ. ಗೇಟಿನವರು ಫೋನು ಮಾಡಿದರು. ಇಳಿದು ಹೋದೆ, ಜಗಳ ಮಾಡುತ್ತಾನೆ ಎಂದುಕೊಂಡೇ ಹೋದೆ. ಯಾವುದೋ ಆಸ್ಪತ್ರೆಯಲ್ಲಿ ಸ್ಕ್ಯಾನ್ ಯಂತ್ರಗಳ ಅಯಸ್ಕಾಂತ ಸರಿ ಮಾಡುವ ಕೆಲಸ ಸಿಕ್ಕಿದೆಯಂತೆ. ಸಮವಸ್ತ್ರ ಕೊಟ್ಟಿದ್ದಾರೆ, ಅದೂ ಗರಿಗರಿಯಾಗಿತ್ತು. ವಿವರಣೆ ಬಂದದ್ದು ಅವನಿಗೆ ಗೊತ್ತಿತ್ತು. ಓದಿದ್ದ.

"ನನ್ನ ಹೆಸರು ಹಾಕಿ ಅಂತ ಕೇಳೋಕೆ ಬಂದಿಲ್ಲ ಮೇಡಂ" ಎಂದ. "ದಾಖಲೆ ಸಾಲದು ಅಂತ ಬರೆದಿದೀರಿ. ಮನೆಗೆ ಹೋಗಿ ಎಲ್ಲ ಮತ್ತೆ ತೆಗೆದು ನೋಡಿದೆ. ಅವತ್ತಿಂದ ನೋಡ್ತಾನೇ ಇದೀನಿ. ಏನು ಬಿಟ್ಟಿದೀನಿ ಅಂತ ನಂಗೆ ಸಿಗ್ತಿಲ್ಲ. ಅದೊಂದು ಹೇಳಿಬಿಡಿ. ಹೆಂಡತಿ ಕೇಳ್ತಾಳೆ, ಹೇಳೋಕೆ ಉತ್ತರ ಇಲ್ಲ."

ಅವನು ಏನನ್ನೂ ಬಿಟ್ಟಿರಲಿಲ್ಲ. ಆ ಮಾತು ಹೇಳಲು ಆಗಲಿಲ್ಲ. ಸುಮ್ಮನೆ ನಿಲ್ಲಲೂ ಆಗಲಿಲ್ಲ, ಅವನು ಕಾಯುತ್ತಿದ್ದ. ಬಾಯಿಗೆ ಬಂದದ್ದು ಹೇಳಿದೆ. "ಸೆನ್ಸರ್ ಬಿಸಿಯಾದಾಗ ಅದರ ರೀಡಿಂಗ್ ಬದಲಾಗುತ್ತಲ್ಲ, ನೀವು ಶಾಖದ ಲೆಕ್ಕ ಹಿಡಿದಿರಲಿಲ್ಲ" ಎಂದೆ.

ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ 'ಶಾಖ' ಎಂದು ಬರೆದುಕೊಂಡ. "ಥ್ಯಾಂಕ್ಸ್ ಮೇಡಂ" ಎಂದ. ಅವನ ಮುಖ ಹಗುರಾಯಿತು, ನಾನು ಕಣ್ಣಾರೆ ನೋಡಿದೆ. "ತಪ್ಪು ನಂದೇ ಅಂತ ಗೊತ್ತಾದ್ರೆ ಸಮಾಧಾನ. ಗೊತ್ತಾಗದೆ ಇರೋದೇ ಕಷ್ಟ." ಕೈ ಮುಗಿದು ಬಸ್ ಸ್ಟಾಪಿನತ್ತ ನಡೆದ.

ಅವನು ಒಳ್ಳೆಯ ಕೆಲಸಗಾರ, ದೊಡ್ಡಪ್ಪ. ರಜೆಯ ದಿನ ಕೂತು ಶಾಖದ ಲೆಕ್ಕ ಹಾಕುತ್ತಾನೆ. ಅದರಿಂದ ಏನೇನೂ ಬದಲಾಗುವುದಿಲ್ಲ ಎಂದು ಸಂಜೆಯೊಳಗೆ ಅವನಿಗೆ ತಿಳಿಯುತ್ತದೆ. ಎರಡು ಸಲ ಸರಿನೋಡಿಕೊಳ್ಳುತ್ತಾನೆ, ನನ್ನ ಮೇಲಿನ ಗೌರವಕ್ಕೆ ಮೂರನೇ ಸಲವೂ ನೋಡಬಹುದು. ಆಮೇಲೆ ನಾನು ಯಾಕೆ ಸುಳ್ಳು ಹೇಳಿದೆ ಎಂದು ಹುಡುಕಲು ಕೂರುತ್ತಾನೆ. ಹುಡುಕಲು ಕೂತರೆ ಸಿಗುವವರೆಗೆ ಏಳುವವನಲ್ಲ.

ನನಗೆ ಭಯವಾಗುತ್ತಿದೆ.

ನಿಮ್ಮ ತಮ್ಮನ ಮಗಳು